ವಿಮಾನ ಕಟ್ಟಿ ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮ ಹಿರಿಯರ ಅನುಭವದಿಂದ ಹುಟ್ಟಿದ್ದು. ಈ ಎರಡನ್ನೂ ಮಾಡಿ ಮುಗಿಸಿದವನಿಗೆ ಬಂಧುಗಳ ಗುಣ, ಹಣದ ಗುಣ, ತನ್ನ ತಾಳ್ಮೆಯ ಅಳತೆ ಎಲ್ಲವೂ ತಿಳಿದುಬಿಡುತ್ತದೆ ಎಂಬುದು ಅದರ ಅಭಿಪ್ರಾಯ. ಈ ಗಾದೆಗೆ 'ವಿಮಾನ ಕಟ್ಟಿ ನೋಡು' ಎಂಬ ಮೂರನೆಯ ಮಾತೊಂದು ಸೇರಬಹುದೆಂದು ಹೇಳಿದರೆ ಓದುಗರು ನಕ್ಕಾರು. ಆದರೆ ಜಗತ್ತಿನ ಹಲವು ದೇಶಗಳಲ್ಲಿ ಶಾಲಾ ಮಾಸ್ತರರು, ವೈದ್ಯರು, ರೈತರು, ಬಡಗಿಗಳು ತಮ್ಮ ಮನೆಯ ಹಿತ್ತಿಲಿನಲ್ಲಿಯೋ ಕಾರಿನ ಶೆಡ್ಡಿನಲ್ಲಿಯೋ ಒಬ್ಬಿಬ್ಬರು ಕುಳಿತುಕೊಳ್ಳಬಹುದಾದ ಸಣ್ಣ ವಿಮಾನಗಳನ್ನು ತಮ್ಮ ಕೈಯಾರೆ ಕಟ್ಟಿ ಹಾರಿಸುತ್ತಿದ್ದಾರೆ. ಇದು ಸಾಹಸಿಗಳ ಹುಚ್ಚಲ್ಲ. ನಿಯಮ, ಪರೀಕ್ಷೆ, ಸಂಘಟನೆಗಳುಳ್ಳ ಒಂದು ಹವ್ಯಾಸ. ಕೆಲವರು ನಕ್ಷೆಗಳನ್ನು ಮಾತ್ರ ಕೊಂಡು ಪ್ರತಿಯೊಂದು ಭಾಗವನ್ನೂ ತಾವೇ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಕತ್ತರಿಸಿ ಸಿದ್ಧಪಡಿಸಿದ ಭಾಗಗಳ ಪೆಟ್ಟಿಗೆಯನ್ನು, ಅಂದರೆ 'ಕಿಟ್' ಎಂಬುದನ್ನು ತರಿಸಿಕೊಂಡು ಜೋಡಿಸುತ್ತಾರೆ.

ಈ ವಿಷಯ ನಮ್ಮ ಕುಟುಂಬದೊಳಗೆ ಕಾಲಿಟ್ಟದ್ದು 2023ರ ಸಂಕ್ರಾಂತಿಯ ಸುಮಾರಿಗೆ. ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮುಗಿದು ಒಂದು ವಾರ ಕಳೆದಿರಬೇಕು. ಬ್ಯಾಡಗಿಯಲ್ಲಿರುವ ನನ್ನ ತಂಗಿ ರಾಣೇಬೆನ್ನೂರಿನ ನಮ್ಮ ಮನೆಗೆ ಬಂದಳು. ಅವಳ ಮುಖದಲ್ಲಿ ಹಬ್ಬದ ಕಳೆಯಿರಲಿಲ್ಲ. ಅವಳ ಮಗ, ಅಂದರೆ ನನ್ನ ಸೋದರಳಿಯ, ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಹಿಡಿದವನು. ಕೊರೊನಾ ಕಾಲದಿಂದ ಮನೆಯಲ್ಲಿಯೇ ಕುಳಿತು ಕೆಲಸ ಮಾಡುತ್ತಿದ್ದ. ಅವನಿಗೆ ಎರಡು ಆಸನಗಳ ವಿಮಾನವೊಂದನ್ನು ಕಟ್ಟಬೇಕೆಂಬ ಆಸೆ. ಅದಕ್ಕೆ ಅವನು ಆರಿಸಿಕೊಂಡ ಸ್ಥಳ ತನ್ನ ತಂದೆಯ ಕಾಲದ ಮೆಣಸಿನಕಾಯಿ ಗೋದಾಮು. ಬ್ಯಾಡಗಿಯಲ್ಲಿ ಶೀತಲಗೃಹಗಳು ಹೆಚ್ಚಿದ ಮೇಲೆ ಆ ಗೋದಾಮು ಬರಿದಾಗಿ ನಿಂತಿತ್ತು. ತಂಗಿಯ ಗಂಡ ತೀರಿಕೊಂಡು ಆಗಲೇ ಎಂಟು ವರ್ಷ. ಉಳಿದಿರುವುದು ಒಬ್ಬನೇ ಮಗ, ನಾಲ್ಕು ಎಕರೆ ಹೊಲ, ಗಂಡನು ಬಿಟ್ಟುಹೋದ ಸ್ವಲ್ಪ ಠೇವಣಿ. "ಅಣ್ಣ, ನೀನು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು. ಇವನು ಹೇಳುವುದು ಆಗುವ ಮಾತೋ ಆಗದ ಮಾತೋ ನೀನೇ ತಿಳಿದು ಹೇಳು. ಆಗದ ಮಾತಾದರೆ ನೀನೇ ಬೇಡವೆನ್ನು" ಎಂದಳು.

ತಿಳಿಯದೆ ಬೇಡವೆನ್ನುವುದು ಸುಲಭ. ತಿಳಿಯದೆ ಹೂಂ ಎನ್ನುವುದೂ ಸುಲಭ. ಎರಡೂ ಅವಳಿಗೆ ನ್ಯಾಯವಲ್ಲವೆಂದು ತೋರಿ, ನಾನು ಮೂರು ತಿಂಗಳ ಅವಧಿ ಕೇಳಿದೆ. ಆ ಅವಧಿಯಲ್ಲಿ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡ ಸಂಗತಿಗಳು ಇತರ ತಂದೆತಾಯಿಗಳಿಗೂ ಪ್ರಯೋಜನವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನನಗೆ ಆಶ್ಚರ್ಯ ಹುಟ್ಟಿಸಿದ್ದು ಈ ಹವ್ಯಾಸದ ವಯಸ್ಸು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ವಿಮಾನವೇ ಸೈಕಲ್ ಅಂಗಡಿಯವರ ಕೈಕೆಲಸ. ಅವರ ಮೊದಲ ಹಾರಾಟ ನಡೆದದ್ದು 12 ಸೆಕೆಂಡು, ಸಾಗಿದ್ದು 120 ಅಡಿ. ಕೆಲವೇ ವರ್ಷಗಳ ತರುವಾಯ ಬ್ರೆಜಿಲ್ ದೇಶದ ಸಾಂತೋಸ್ ದ್ಯುಮೊ ಎಂಬುವರು ಪ್ಯಾರಿಸ್ಸಿನಲ್ಲಿ 'ಡೆಮೊಸೆಲ್' ಎಂಬ ಪುಟ್ಟ ವಿಮಾನವನ್ನು ನಿರ್ಮಿಸಿ, ಅದರ ಹಕ್ಕನ್ನು ತಮ್ಮಲ್ಲಿ ಇಟ್ಟುಕೊಳ್ಳದೆ ಯಾರು ಬೇಕಾದರೂ ಕಟ್ಟಿಕೊಳ್ಳಲೆಂದು ಬಿಟ್ಟುಕೊಟ್ಟರು. 1910ರಲ್ಲಿ ಅಮೆರಿಕದ ಒಂದು ಮಾಸಪತ್ರಿಕೆ ಅದರ ನಕ್ಷೆಗಳನ್ನು ಪ್ರಕಟಿಸಿತು. ವಿದ್ಯೆಯನ್ನು ಬಚ್ಚಿಡದೆ ಹಂಚಿದ ಆ ಉದಾರತೆಯಿಂದಲೇ ಈ ಹವ್ಯಾಸ ಬೆಳೆಯಿತೆನ್ನಬಹುದು.

ನಮ್ಮ ನಾಡಿನವರೂ ಆ ಕಾಲದಲ್ಲಿ ಹಿಂದೆ ಬಿದ್ದಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎಸ್. ವಿ. ಶೆಟ್ಟಿಯವರು ಇಂಗ್ಲೆಂಡಿಗೆ ಹೋಗಿ 1911ರ ಸುಮಾರಿಗೆ ಎ. ವಿ. ರೋ ಅವರ ವಿಮಾನ ಸಂಸ್ಥೆಯಲ್ಲಿ ಕೆಲಸ ಕಲಿತು, ಹಾರಾಟವನ್ನೂ ವಿಮಾನದ ವಿನ್ಯಾಸವನ್ನೂ ಅಭ್ಯಾಸ ಮಾಡಿದರು. ತಾಯ್ನಾಡಿಗೆ ಮರಳಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಅವರು 1918ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳ ಪಠ್ಯಗಳಲ್ಲಿ ಸಾಕಷ್ಟು ಕಾಣಿಸದಿರುವುದು ನೋವಿನ ಸಂಗತಿ.

ಇನ್ನೊಂದು ಕಥೆ ಎಚ್ಚರಿಕೆಯದು. ಫ್ರಾನ್ಸಿನ ಹೆನ್ರಿ ಮಿನ್ಯೆ ಎಂಬುವರು 1933ರಲ್ಲಿ ಒಂದರ ಹಿಂದೆ ಒಂದು ರೆಕ್ಕೆಯಿರುವ ಪುಟ್ಟ ವಿಮಾನವನ್ನು ಹಾರಿಸಿ, ಅದನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದರು. ಸಾಮಾನ್ಯ ಜನರು ಮುಗಿಬಿದ್ದು ಕಟ್ಟತೊಡಗಿದರು. ಆದರೆ ಒಂದರ ಹಿಂದೊಂದು ಸಾವುಗಳು ಸಂಭವಿಸಿದವು. ವಿಮಾನವನ್ನೇ ದೊಡ್ಡ ಗಾಳಿಸುರಂಗದೊಳಗೆ ನಿಲ್ಲಿಸಿ ಪರೀಕ್ಷಿಸಿದಾಗ ತಿಳಿದುಬಂದದ್ದು ಇಷ್ಟು: ವಿಮಾನವು ಒಂದು ಮಿತಿಗಿಂತ ಹೆಚ್ಚಾಗಿ ಮೂಗು ಬಗ್ಗಿಸಿದರೆ ಎರಡು ರೆಕ್ಕೆಗಳ ನಡುವಿನ ಗಾಳಿಯ ಪ್ರವಾಹ ಅದನ್ನು ಮತ್ತಷ್ಟು ಕೆಳಕ್ಕೆ ದೂಡುತ್ತಿತ್ತು, ಚಾಲಕನು ಎಷ್ಟು ಎಳೆದರೂ ಅದು ಮೇಲೇಳುತ್ತಿರಲಿಲ್ಲ. ಕಟ್ಟಿದವರ ಕೈಕೆಲಸ ನಿರ್ದುಷ್ಟವಾಗಿದ್ದಾಗಲೂ ಅಪಾಯ ತಪ್ಪುತ್ತಿರಲಿಲ್ಲ. 1936ರಲ್ಲಿ ಅದರ ಹಾರಾಟವನ್ನು ಇಂಗ್ಲೆಂಡ್ ಮತ್ತು ಫ್ರಾನ್ಸ್ ತಡೆದವು. ಆಮೇಲೆ ವಿನ್ಯಾಸವನ್ನು ತಿದ್ದಲಾಯಿತು. ಉತ್ಸಾಹ, ಶ್ರಮ, ಪ್ರಾಮಾಣಿಕತೆ ಮೂರೂ ಇದ್ದರೂ ಸಾಲದು, ಶಾಸ್ತ್ರಜ್ಞಾನವೂ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅಳಿಯನಿಗೆ ನಾನು ಹಾಕಿದ ಮೊದಲ ಷರತ್ತು ಇದರಿಂದಲೇ ಹುಟ್ಟಿತು: ಸ್ವಂತ ವಿನ್ಯಾಸ ಕೂಡದು, ನೂರಾರು ಜನ ಕಟ್ಟಿ, ಸಾವಿರಾರು ಗಂಟೆ ಹಾರಿಸಿ, ದೋಷಗಳನ್ನು ಹೊರಗೆಡವಿದ ವಿನ್ಯಾಸವನ್ನೇ ಆರಿಸಬೇಕು.

ಎರಡನೆಯ ಮಹಾಯುದ್ಧದ ಅನಂತರ ಈ ಹವ್ಯಾಸಕ್ಕೆ ಶಿಸ್ತು ಬಂದಿತು. 1953ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಪಾಲ್ ಪೊಬೆರೆಜ್ನಿ ಎಂಬುವರು ಇಂಥ ವಿಮಾನ ಕಟ್ಟುವವರ ಸಂಘವೊಂದನ್ನು ಸ್ಥಾಪಿಸಿದರು. 1970ರಿಂದ ಆಷ್‌ಕಾಷ್ ಎಂಬ ಊರಿನಲ್ಲಿ ಬೇಸಗೆಯಲ್ಲಿ ಅದರ ಮೇಳ ನೆರೆಯುತ್ತದೆ. ನಮ್ಮ ಕಡೆಯ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಬಂದಂತೆ ಜನರು ತಾವು ಕಟ್ಟಿದ ವಿಮಾನಗಳಲ್ಲಿಯೇ ಹಾರಿ ಬಂದು, ಅವುಗಳ ರೆಕ್ಕೆಯ ನೆರಳಿನಲ್ಲಿ ಡೇರೆ ಹಾಕಿಕೊಂಡು ಇರುತ್ತಾರಂತೆ. ಅಲ್ಲಿಯ ಕಾನೂನಿನ ಒಂದು ಮಾತು ನನಗೆ ಬಹಳ ಹಿಡಿಸಿತು. ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಯೇ, ಅದೂ ತನ್ನ ವಿದ್ಯಾರ್ಜನೆಗಾಗಿ ಅಥವಾ ಮನಸ್ಸಂತೋಷಕ್ಕಾಗಿ ಕಟ್ಟಿರಬೇಕು. ಕಟ್ಟಿದ ಮೇಲೂ ಮೊದಲ 25ರಿಂದ 40 ಗಂಟೆಗಳ ಹಾರಾಟವನ್ನು ಪ್ರಯಾಣಿಕರನ್ನು ಕೂರಿಸದೆ, ಗೊತ್ತುಪಡಿಸಿದ ಪ್ರದೇಶದೊಳಗೆ ಪರೀಕ್ಷಾರ್ಥವಾಗಿ ನಡೆಸಬೇಕು.

ಬೆಂಗಳೂರಿಗೂ ಇದಕ್ಕೂ ನಂಟಿದೆಯೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬರ್ಟ್ ರುಟಾನ್ ಎಂಬ ಅಮೆರಿಕದ ವಿನ್ಯಾಸಕಾರರು 'ಲಾಂಗ್ ಈಜಿ' ಎಂಬ ಮನೆಯಲ್ಲಿ ಕಟ್ಟುವ ವಿಮಾನವನ್ನು ರೂಪಿಸಿದರು. ಅದು ಮೊದಲು ಹಾರಿದ್ದು 1979ರಲ್ಲಿ. ಸಣ್ಣ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ; ಎಂಜಿನ್ನೂ ಬೆನ್ನ ಹಿಂದೆಯೇ. ನೋಡಿದರೆ ಹಿಂದುಮುಂದಾಗಿ ಹಾರುತ್ತಿದೆಯೇನೋ ಎನ್ನಿಸಬೇಕು. ಇದರ ನಿರ್ಮಾಣಕ್ಕೆ ಅಚ್ಚುಗಳು ಬೇಕಿಲ್ಲ. ಗಟ್ಟಿ ನೊರೆಯಂಥ ಹಗುರ ಫೋಮಿನ ಹಲಗೆಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಹಾಸಿ, ರಾಳವನ್ನು ಕುಡಿಸಿ ಗಟ್ಟಿಯಾಗಲು ಬಿಡುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1980ರ ದಶಕದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಇದೇ ವಿನ್ಯಾಸವನ್ನು ಆಧರಿಸಿ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. ಹವ್ಯಾಸಿಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡು ದೊಡ್ಡ ವಿಜ್ಞಾನಿಗಳು ಕೈ ಪಳಗಿಸಿಕೊಂಡದ್ದು ಸಣ್ಣ ಮಾತಲ್ಲ. ಅದೇ ಸಂಸ್ಥೆಯ 'ಹಂಸ' ಎಂಬ ಎರಡು ಆಸನಗಳ ವಿಮಾನ 1993ರಲ್ಲಿ ಮೊದಲ ಬಾರಿ ಹಾರಿತು. ಅದರ ಮೈಯೂ ಇಂಥ ಗಾಜುನೂಲು ಮತ್ತು ರಾಳದ್ದೇ. ಬೆಂಗಳೂರಿನಲ್ಲಿಯೇ 'ರಾಜಹಂಸ' ಎಂಬ ಹೆಸರಿನ ಖಾಸಗಿ ಸಂಸ್ಥೆಯೊಂದು ತಯಾರಿಸಿದ ಅತಿ ಹಗುರ ವಿಮಾನಗಳು ಕಿಟ್ ರೂಪದಲ್ಲಿ ವಿದೇಶಗಳಿಗೂ ಹೋದವು.

ವಿದ್ಯಾರ್ಥಿದೆಸೆಯಲ್ಲಿ ಬೆಂಗಳೂರಿನಲ್ಲಿದ್ದಾಗ ನಾನು ಒಮ್ಮೆ ಜಕ್ಕೂರಿನ ಹಾರಾಟದ ಶಾಲೆಯಲ್ಲಿ 'ಪುಷ್ಪಕ' ವಿಮಾನವನ್ನು ಹತ್ತಿರದಿಂದ ಕಂಡಿದ್ದೆ. ಹಿಂದುಸ್ಥಾನ್ ಏರೋನಾಟಿಕ್ಸ್‌ನವರ ಆ ವಿಮಾನ 1958ರಲ್ಲಿ ಮೊದಲು ಹಾರಿದ್ದು. ಅನಂತರ ದೇಶದ ಹಾರಾಟದ ಕ್ಲಬ್ಬುಗಳಲ್ಲೆಲ್ಲ ತರುಣರಿಗೆ ಪಾಠ ಕಲಿಸಿತು. ಅನುಮತಿ ಪಡೆದು ಅದರ ಮೈ ಮುಟ್ಟಿದಾಗ ಕಬ್ಬಿಣದ ತಗಡು ಸಿಕ್ಕೀತೆಂದು ಎಣಿಸಿದ್ದ ಬೆರಳಿಗೆ ಬಿಗಿದ ಬಟ್ಟೆ ಸಿಕ್ಕಿತು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅದನ್ನು ಬಿಗಿಗೊಳಿಸುವ ಲೇಪ. ವಿಮಾನವೆಂಬುದು ಮೂಲತಃ ಭಾರವನ್ನು ಬಿಟ್ಟುಕೊಡುವ ವಿದ್ಯೆಯೆಂಬುದು ಅಂದೇ ಮನಸ್ಸಿಗೆ ನಾಟಿತ್ತು. ನಮ್ಮ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹಿಂದೆ ಎರ್ಲಡ್ಡು ಹಕ್ಕಿ, ಅಂದರೆ ಹೆಬ್ಬಕ, ಕಾಣಿಸುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲೊಂದಾದ ಅದರ ಗಂಡು 15 ಕಿಲೋ ಹತ್ತಿರ ತೂಗುವುದುಂಟು. ಅಷ್ಟು ಭಾರಕ್ಕೇ ಆ ಹಕ್ಕಿ ಬಹಳ ದೂರ ಓಡಿ ರೆಕ್ಕೆ ಬಡಿಯಬೇಕು. ಲಾಂಗ್ ಈಜಿಯಂಥ ವಿಮಾನದ ಬರಿಯ ತೂಕ ಸುಮಾರು 320 ಕಿಲೋ. ಇಬ್ಬರು ಮನುಷ್ಯರು, ಇಂಧನ ಸೇರಿ ಎಲ್ಲವೂ 600 ಕಿಲೋ ಒಳಗೆ ಮುಗಿಯಬೇಕು. ಒಂದು ಟ್ರ್ಯಾಕ್ಟರಿನ ಟ್ರ್ಯಾಲಿ ಬರಿದಾಗಿ ನಿಂತಾಗಲೇ ಇದಕ್ಕಿಂತ ಹೆಚ್ಚು ತೂಗುತ್ತದೆ! ನಮ್ಮ ಕಡೆಯ ವೆಲ್ಡಿಂಗ್ ಕಸಬುದಾರರು ಸಂದೇಹ ಬಂದಲ್ಲಿ ಒಂದು ಪಟ್ಟಿ ಹೆಚ್ಚಿಗೆ ಬೆಸೆಯುತ್ತಾರೆ. ವಿಮಾನದಲ್ಲಿ ಹಾಗೆ ಮಾಡುವಂತಿಲ್ಲ. ಹೆಚ್ಚಿಗೆ ಸೇರಿಸಿದ ಪ್ರತಿಯೊಂದು ಪಟ್ಟಿಯೂ ಭಾರ. ತಪ್ಪು ಜಾಗದಲ್ಲಿ ಸೇರಿದ ಭಾರ ಅದರ ಸಮತೋಲವನ್ನೇ ಕೆಡಿಸುತ್ತದೆ.

ಇಷ್ಟು ತಿಳಿದ ಮೇಲೆ 'ಆಗುವ ಮಾತೋ ಆಗದ ಮಾತೋ' ಎಂಬ ತಂಗಿಯ ಪ್ರಶ್ನೆಗೆ ಅರ್ಧ ಉತ್ತರ ದೊರೆತಿತ್ತು. ಉಳಿದರ್ಧವೇ ಕಠಿಣ. ತಾಯಿಯ ಮನಸ್ಸಿಗೆ ಬೇಕಾದದ್ದು ಇತಿಹಾಸವಲ್ಲ, ಮಗನ ಜೀವ.

ಈ ವಿಷಯದಲ್ಲಿ ಮುಚ್ಚುಮರೆ ಮಾಡುವುದು ಸರಿಯಲ್ಲ. ಮನೆಯಲ್ಲಿ ಕಟ್ಟಿದ ವಿಮಾನಗಳು ಕಾರ್ಖಾನೆಯ ಸಣ್ಣ ವಿಮಾನಗಳಿಗಿಂತ ಹೆಚ್ಚಾಗಿ ಅಪಘಾತಕ್ಕೊಳಗಾಗುತ್ತವೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಎಂಜಿನ್ನಿನ ಶಕ್ತಿ ಕುಂದುವುದು ಮತ್ತು ಚಾಲಕನ ಹತೋಟಿ ತಪ್ಪುವುದು ಮುಖ್ಯ ಕಾರಣಗಳೆಂದು ಹೇಳಿತು; ಬಹಳಷ್ಟು ಅಪಘಾತಗಳು ವಿಮಾನದ ಆರಂಭದ ಹಾರಾಟಗಳಲ್ಲಿಯೇ ಆಗುತ್ತವೆಂದೂ ತೋರಿಸಿತು. ಒಂದು ಪ್ರಸಂಗವನ್ನಂತೂ ನಾನು ಮರೆಯಲಾರೆ. ಜಾನ್ ಡೆನ್ವರ್ ಎಂಬ ಪ್ರಸಿದ್ಧ ಗಾಯಕರು 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ತೀರಿಕೊಂಡರು. ಅವರು ಹಾರಿಸುತ್ತಿದ್ದದ್ದು ಬೇರೊಬ್ಬ ಹವ್ಯಾಸಿ ಕಟ್ಟಿದ್ದ, ತಾವು ಆಗತಾನೆ ಕೊಂಡಿದ್ದ ಲಾಂಗ್ ಈಜಿ ವಿಮಾನ. ಮೂಲ ನಕ್ಷೆಯಲ್ಲಿ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನವನ್ನು ಬದಲಿಸುವ ಕೀಲಿ ಚಾಲಕನ ಎದುರಿಗೆ, ಕೈಗೆಟಕುವಂತೆ ಇತ್ತು. ಇಂಧನದ ಕೊಳವೆಗಳು ಆಸನದ ಬಳಿ ಬರಬಾರದು, ಬೆಂಕಿಯ ಭಯ ಬೇಡ ಎಂಬ ಒಳ್ಳೆಯ ಉದ್ದೇಶದಿಂದಲೇ ಕಟ್ಟಿದವನು ಆ ಕೀಲಿಯನ್ನು ಚಾಲಕನ ಎಡಭುಜದ ಹಿಂದಕ್ಕೆ ಸರಿಸಿದ್ದ. ಹಾರುತ್ತಿರುವಾಗ ಅದನ್ನು ತಿರುಗಿಸಬೇಕಾದರೆ ಮೈಯನ್ನೇ ಹಿಂದಕ್ಕೆ ಹೊರಳಿಸಬೇಕು. ಹೊರಳಿದರೆ ಕಾಲು ತನಗರಿಯದೆ ಪೆಡಲನ್ನು ಒತ್ತುತ್ತದೆ. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಇದನ್ನೇ. ಒಂದು ಕೀಲಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದ್ದರ ಬೆಲೆ ಒಂದು ಜೀವ! ಬೆಂಗಳೂರಿನ ವಿಜ್ಞಾನಿಗಳು ಪಾಠ ಕಲಿತ ನಕ್ಷೆಯೂ ಇದೇ, ಈ ದುರಂತ ನಡೆದ ವಿಮಾನದ ನಕ್ಷೆಯೂ ಇದೇ. ಇದನ್ನು ತಂಗಿಗೆ ಬಚ್ಚಿಡದೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: "ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡುತ್ತೇನೆಂದು ಇವನು ಮಾತು ಕೊಟ್ಟಾನೇ?"

ಹಣದ ಮಾತೂ ಹಗುರವಲ್ಲ. ಎಂಜಿನ್ನು, ಉಪಕರಣ, ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿದರೆ ಮುಕ್ಕಾಲು ಕೋಟಿ ರೂಪಾಯಿ ಮೀರುವ ವ್ಯವಹಾರ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕೇರಳ ಮೂಲದ ಎಂಜಿನಿಯರ್ ಅಶೋಕ್ ತಾಮರಾಕ್ಷನ್ ಅವರು ಕೊರೊನಾ ದಿಗ್ಬಂಧನದ ಕಾಲದಲ್ಲಿ ನಾಲ್ಕು ಆಸನಗಳ ವಿಮಾನವನ್ನು ಕಿಟ್‌ನಿಂದ ಕಟ್ಟಿ, ಮಗಳ ಹೆಸರಿಟ್ಟು, 2022ರಲ್ಲಿ ಕುಟುಂಬದೊಡನೆ ಯುರೋಪಿನ ದೇಶಗಳನ್ನು ಸುತ್ತಿದ ಸುದ್ದಿಯನ್ನು ಬಹಳ ಜನ ಓದಿರಬಹುದು. ಅವರಿಗೆ ತಗುಲಿದ ವೆಚ್ಚ ಸುಮಾರು 1 ಲಕ್ಷ 40 ಸಾವಿರ ಪೌಂಡುಗಳೆಂದು ಪತ್ರಿಕೆಗಳು ಬರೆದವು. ಅಲ್ಲಿ ಹವ್ಯಾಸಿಗಳ ಕೆಲಸವನ್ನು ಹಂತಹಂತವಾಗಿ ಬಂದು ನೋಡುವ ಪರಿವೀಕ್ಷಕರಿದ್ದಾರೆ. ನಮ್ಮ ದೇಶದಲ್ಲಿ ಈ ದಾರಿ ಇನ್ನೂ ಸವೆದಿಲ್ಲ. ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ಮಾಳಿಗೆಯ ಮೇಲೆಯೇ ವರ್ಷಗಟ್ಟಲೆ ದುಡಿದು ಆರು ಆಸನಗಳ ವಿಮಾನವನ್ನು ಕಟ್ಟಿದರು. 2016ರಲ್ಲಿ ಮುಂಬಯಿಯ ಪ್ರದರ್ಶನವೊಂದರಲ್ಲಿ ಅದನ್ನು ಕಂಡ ಜನ ಬೆರಗಾದರು. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ನೋಂದಣಿ ಪತ್ರ ದೊರೆತದ್ದು 2017ರ ನವೆಂಬರಿನಲ್ಲಿ. ನೋಂದಣಿಯಾಗದೆ, 'ವಿಟಿ' ಎಂದು ಆರಂಭವಾಗುವ ಗುರುತು ಪಡೆಯದೆ, ಹಾರಾಟದ ಅನುಮತಿಯಿಲ್ಲದೆ ಯಾವ ವಿಮಾನವೂ ನಮ್ಮ ಆಕಾಶಕ್ಕೆ ಏರುವಂತಿಲ್ಲ. ಹಾವೇರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೂ ಇಲ್ಲ. ಕಟ್ಟಿ ಮುಗಿದರೂ ರೆಕ್ಕೆ ಬಿಚ್ಚಿ ಲಾರಿಯ ಮೇಲೆ ಹೇರಿಕೊಂಡು ದೂರ ಒಯ್ಯಬೇಕು.

ಇವೆಲ್ಲವನ್ನೂ ಮುಂದಿಟ್ಟುಕೊಂಡು ಆ ವರ್ಷದ ಬಸವ ಜಯಂತಿಯ ಮರುದಿನ ನಾವು ಕುಟುಂಬದ ಹಿರಿಯರು ಬ್ಯಾಡಗಿಯಲ್ಲಿ ಕೂಡಿದೆವು. ಸೋದರಳಿಯನನ್ನು ಹೊರಗೆ ಕಳುಹಿಸದೆ ಜೊತೆಯಲ್ಲಿಯೇ ಕೂರಿಸಿಕೊಂಡೆವು. ನಿರ್ಣಯಗಳು ಹೀಗಾದವು. ಹೊಲವನ್ನು ಮಾರುವುದಾಗಲಿ ಒತ್ತೆಯಿಡುವುದಾಗಲಿ ಕೂಡದು. ತಾಯಿಯ ಠೇವಣಿಯನ್ನು ಮುಟ್ಟಕೂಡದು. ಅವನ ಸಂಬಳದಲ್ಲಿ ಮನೆಯ ಖರ್ಚು ಕಳೆದು ಉಳಿದದ್ದರಲ್ಲಿಯೇ ಒಂದೊಂದು ಭಾಗವಾಗಿ ತರಿಸಬೇಕು. ನಕ್ಷೆಯಿಂದ ಕೂದಲೆಳೆಯಷ್ಟೂ ಕದಲಕೂಡದು. ವಿಮಾನ ದುರಸ್ತಿಯ ಪರವಾನಗಿಯುಳ್ಳ ಎಂಜಿನಿಯರರೊಬ್ಬರಿಗೆ ಕಾಲಕಾಲಕ್ಕೆ ಕೆಲಸವನ್ನು ತೋರಿಸಬೇಕು. ಮೊದಲ ಹಾರಾಟವನ್ನು ಅನುಭವಿ ಚಾಲಕರೇ ನಡೆಸಬೇಕು; ಅವನು ಅಷ್ಟರೊಳಗೆ ಕ್ರಮವಾಗಿ ಹಾರಾಟ ಕಲಿಯಬೇಕು. ಕೊನೆಯದಾಗಿ, ಮೊದಲು ಬಾಲದ ಭಾಗವನ್ನು ಮಾತ್ರ ಕಟ್ಟಿ ತೋರಿಸಬೇಕು. ಕೈ ಹಿಡಿಯದಿದ್ದರೆ ಅಲ್ಲಿಗೇ ಕೈಬಿಡಬೇಕು. ಅವನು ಎಲ್ಲಕ್ಕೂ ಒಪ್ಪಿದ.

ಬಾಲದ ಕಿಟ್ಟು ಬಂದಾಗ ಖರ್ಚು ಮೂರು ಲಕ್ಷ ದಾಟಿತ್ತು. ಒಂದು ತಿಂಗಳು ಗೋದಾಮನ್ನು ತೊಳೆಯುವುದರಲ್ಲಿಯೇ ಕಳೆಯಿತು. ಮೂವತ್ತು ವರ್ಷಗಳ ಮೆಣಸಿನಕಾಯಿಯ ಘಾಟು ಗೋಡೆಯೊಳಗೆ ಸೇರಿಹೋಗಿತ್ತು. ಕಸಬರಿಗೆ ಆಡಿಸಿದರೆ ಸಾಕು, ಊರೆಲ್ಲ ಸೀನುವಂತಾಗುತ್ತಿತ್ತು. ಈ ವಿಮಾನ ಅಲ್ಯೂಮಿನಿಯಂ ತಗಡಿನದು. ತೂತುಗಳು ಮೊದಲೇ ಕೊರೆದು ಬಂದಿರುತ್ತವೆ. ಅವುಗಳ ಅಂಚಿನಲ್ಲಿರುವ ಸಣ್ಣ ಮುಳ್ಳುಗಳನ್ನು ತೆಗೆದು ನುಣುಪು ಮಾಡಬೇಕು. ಇಲ್ಲವಾದರೆ ವರ್ಷಗಳ ನಡುಕದಲ್ಲಿ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ತಗಡುಗಳನ್ನು ಚಿಮುಟಗಳಿಂದ ಹಿಡಿದು ಕೂಡಿಸಿ, ಅಳೆದು, ಬಿಚ್ಚಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಮತ್ತೆ ಕೂಡಿಸಿ, ಕೊನೆಗೆ ರಿವೆಟ್ ಹೊಡೆಯಬೇಕು. ಒಂದೇ ಕೆಲಸವನ್ನು ಸಾವಿರಾರು ಸಲ ಮಾಡುವುದು, ಸಾವಿರದ ಸಲವೂ ಮೊದಲ ಸಲದಷ್ಟೇ ಎಚ್ಚರದಿಂದ ಮಾಡುವುದು. ಹಾವೇರಿಯ ಏಲಕ್ಕಿ ಹಾರ ಕಟ್ಟುವವರ ಮನೆಯಲ್ಲಿ ನಾನು ಇಂಥ ತಾಳ್ಮೆಯನ್ನು ಕಂಡಿದ್ದೇನೆ. ಒಂದೇ ಅಳತೆಯ ಏಲಕ್ಕಿಯನ್ನು ಆರಿಸಿ, ಸೂಜಿಯಿಂದ ಒಂದೊಂದಾಗಿ ಪೋಣಿಸುವಾಗ ಅವರು ಮಾತು ಕಡಿಮೆ ಮಾಡುತ್ತಾರೆ.

ಅಚ್ಚರಿಯೆಂದರೆ, ಈ ಕೆಲಸದಲ್ಲಿ ಮಗನಿಗೆ ಮೊದಲ ಸಹಾಯಕಳಾದವಳು ತಾಯಿಯೇ. ಅವಳು ಬಾಳಿನುದ್ದಕ್ಕೂ ಕಡ್ಡಿ, ಡಬ್ಬಿ ಎಂದು ಮೆಣಸಿನಕಾಯಿಯ ಜಾತಿಯನ್ನು ಆರಿಸಿ, ಬಣ್ಣಗುಂದಿದ್ದನ್ನು, ತೊಟ್ಟು ಮುರಿದದ್ದನ್ನು ಕಣ್ಣೋಟದಲ್ಲಿಯೇ ಬೇರ್ಪಡಿಸಿದವಳು. ಮೊದಮೊದಲು ಊಟಕ್ಕೆ ಕರೆಯಲು ಗೋದಾಮಿಗೆ ಹೋಗುತ್ತಿದ್ದವಳು ಕ್ರಮೇಣ ಅಲ್ಲಿಯೇ ಕುಳಿತು ತೂತಿನ ಅಂಚುಗಳನ್ನು ಬೆರಳಿನಿಂದ ಸವರಿ ನೋಡತೊಡಗಿದಳು. ಮಗ ನುಣುಪಾಯಿತೆಂದು ಬಿಟ್ಟ ತಗಡಿನಲ್ಲಿ ಅವಳ ಬೆರಳಿಗೆ ಮುಳ್ಳು ಸಿಗುತ್ತಿತ್ತು. ಇಂಗ್ಲಿಷಿನ ನಕ್ಷೆ ಅವಳಿಗೆ ಓದಲು ಬಾರದು. ಆದರೆ ಈ ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದಲೇ ಈಗ ಸರಿಯಾಗಿರಬೇಕು ಎಂಬುದು ಅವಳಿಗೆ ಯಾರೂ ಹೇಳದೆಯೇ ತಿಳಿದಿತ್ತು.

2024ರ ಮಾರ್ಚ್ ತಿಂಗಳಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಂಕಿಯೇ ಎದ್ದದ್ದು ಓದುಗರ ನೆನಪಿನಲ್ಲಿರಬಹುದು. ನಮ್ಮ ಮನೆಯ ಹೊಲದ ಬೆಳೆಗೂ ಆ ಸಲ ತಕ್ಕ ಬೆಲೆ ಬರಲಿಲ್ಲ. ಸೋದರಳಿಯ ತಾನಾಗಿಯೇ ನಾಲ್ಕು ತಿಂಗಳು ವಿಮಾನದ ಖರ್ಚನ್ನು ನಿಲ್ಲಿಸಿದ. ಅದೇ ವರ್ಷ ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. ದಿಕ್ಕು ತಿರುಗಿಸುವ ಬಾಲದ ಹಲಗೆಯನ್ನು ಮುಚ್ಚುವ ಕೆಲಸ ಮುಗಿದಿತ್ತು. ತೂತಿನ ನಡುವಿನಿಂದ ತಗಡಿನ ಅಂಚಿನವರೆಗೆ ರಿವೆಟ್ಟಿನ ದಪ್ಪದ ಕನಿಷ್ಠ ಎರಡರಷ್ಟು ಅಂತರವಿರಬೇಕೆಂಬುದು ಶಾಸ್ತ್ರ. ಅಂದರೆ 3.2 ಮಿಲಿಮೀಟರ್ ರಿವೆಟ್ಟಿಗೆ 6.4 ಮಿಲಿಮೀಟರ್ ಬೇಕು. ಅವನೇ ಕೊರೆದಿದ್ದ ಮೂರು ತೂತುಗಳಲ್ಲಿ ಈ ಅಂತರ ಸುಮಾರು ಒಂದು ಮಿಲಿಮೀಟರ್ ಕಡಿಮೆಯಾಗಿತ್ತು. ಆ ಜಾಗ ಮಡಿಕೆಯೊಳಗೆ ಸೇರುವಂಥದ್ದು. ಮೇಲೆ ಬಣ್ಣ ಬಿದ್ದರೆ ಪರಿವೀಕ್ಷಕರಿಗೂ ಕಾಣುವಂತಿರಲಿಲ್ಲ. ಎರಡು ದಿನ ಅವನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲವಂತೆ. ಮೂರನೆಯ ದಿನ ರಿವೆಟ್ಟುಗಳನ್ನೆಲ್ಲ ಕೊರೆದು ತೆಗೆದು, ಆ ತಗಡನ್ನು ಗೋಡೆಗೆ ನೇತುಹಾಕಿ, ಹೊಸದಕ್ಕೆ ಬರೆದ. ಅದು ಬರಲು ಮೂರು ತಿಂಗಳು ಹಿಡಿಯಿತು. ಅಷ್ಟು ಕಾಲವೂ ತಾಯಿ ಮಗನನ್ನು 'ಏಕೆ ತಡ' ಎಂದು ಕೇಳಲಿಲ್ಲ.

ಕೆಟ್ಟ ಆ ತಗಡು ಈಗಲೂ ಗೋದಾಮಿನ ಗೋಡೆಯ ಮೇಲಿದೆ. ನನಗೆ ಅದು ಮುಗಿದ ಬಾಲಕ್ಕಿಂತ ಹೆಚ್ಚಿನ ಪದವಿಪತ್ರವಾಗಿ ಕಾಣುತ್ತದೆ. ಕಾಯಕವೆಂಬ ಮಾತನ್ನು ನಾವು ವೇದಿಕೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಯಾರೂ ನೋಡದ ಮಡಿಕೆಯೊಳಗಿನ ಒಂದು ಮಿಲಿಮೀಟರಿಗಾಗಿ ಮೂರು ತಿಂಗಳನ್ನೂ ಸಂಬಳದ ಹಣವನ್ನೂ ಕಳೆದುಕೊಳ್ಳಲು ಒಪ್ಪುವುದು ಆ ಮಾತಿನ ಒಂದು ಅರ್ಥವಿರಬೇಕೆಂದು ನನಗೆ ತೋರುತ್ತದೆ. ವಿಮಾನಕ್ಕೆ ಮುಖಸ್ತುತಿ ತಿಳಿಯದು; ಮೇಲಣ ಬಣ್ಣಕ್ಕೆ ಅದು ಮರುಳಾಗುವುದಿಲ್ಲ. ನೆಲದ ಮೇಲೆ ನಾವು ಮಾಡಿದ್ದನ್ನೇ ಅದು ಆಕಾಶದಲ್ಲಿ ನಮಗೆ ಮರಳಿ ಕೊಡುತ್ತದೆ.

ಈಗ ಬಾಲದ ಕೆಲಸ ಪೂರ್ಣವಾಗಿ, ನೋಡಬೇಕಾದ ಎಂಜಿನಿಯರರು ನೋಡಿ ಒಪ್ಪಿದ್ದಾರೆ. ರೆಕ್ಕೆಗಳ ಸರದಿ ಬಂದಿದೆ. ಇದೇ ವೇಗದಲ್ಲಿ ನಡೆದರೆ ಇನ್ನೂ ಐದಾರು ವರ್ಷಗಳಾದರೂ ಬೇಕು. ಇದು ಹಾರಿಯೇ ತೀರುತ್ತದೆಂದು ನಾನು ಭವಿಷ್ಯ ನುಡಿಯಲಾರೆ. ಅಮೆರಿಕದಲ್ಲಿ ಒಂದು ಸಂಸ್ಥೆಯ ಕಿಟ್ಟುಗಳಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅಲ್ಲಿಯೂ ಕೆಲಸ ಆರಂಭಿಸಿ ನಡುವೆ ನಿಲ್ಲಿಸಿದವರು ಬೇಕಾದಷ್ಟು ಜನರಿದ್ದಾರೆ. ಸರ್ಕಾರದ ಅನುಮತಿ, ಎಂಜಿನ್ನಿನ ಹಣ, ಹಾರಾಟದ ತರಬೇತಿ, ಈ ಮೂರು ಬೆಟ್ಟಗಳು ಅವನ ಮುಂದಿವೆ. ತಂಗಿಯ ಭಯವೂ ಪೂರ್ತಿ ಹೋಗಿಲ್ಲ, ಹೋಗಬೇಕಾದದ್ದೂ ಅಲ್ಲ. ಆ ಭಯವೇ ಅವಳ ಬೆರಳ ತುದಿಯಲ್ಲಿ ಕುಳಿತು ತಗಡಿನ ಮುಳ್ಳುಗಳನ್ನು ಹುಡುಕುತ್ತಿದೆ.

ನಮ್ಮ ಮನೆಗಳಲ್ಲಿ ಮಕ್ಕಳು ಅಪೂರ್ವವಾದ ಆಸೆಯೊಂದನ್ನು ಹೊತ್ತು ಬಂದಾಗ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ: ನಕ್ಕು ತಳ್ಳಿಹಾಕುತ್ತಾರೆ, ಇಲ್ಲವೇ ಪ್ರೀತಿಯ ಭರದಲ್ಲಿ ಹೊಲ ಮಾರಿ ಹಣ ಕೊಡುತ್ತಾರೆ. ಎರಡರಲ್ಲಿಯೂ ಮಗುವಿನ ಜೊತೆ ಕೂರುವ ಶ್ರಮ ತಪ್ಪುತ್ತದೆ. ಕೇಳಬೇಕು, ತಿಳಿಯಬೇಕು, ಅಪಾಯವನ್ನು ಹೆಸರಿಟ್ಟು ಹೇಳಬೇಕು, ಮೀರಬಾರದ ಗೆರೆಯನ್ನು ಎಳೆಯಬೇಕು. ಆಮೇಲೆ ಸಾಧ್ಯವಾದರೆ ಒಂದು ತಗಡನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲಬೇಕು. ಹಾಗೆ ನಿಂತವರಿಗೆ ವಿಮಾನ ಹಾರಲಿ ಬಿಡಲಿ, ಮಗನ ಪರಿಚಯವಂತೂ ಆಗುತ್ತದೆ.